ಸಂಜೆ ಆರೂವರೆಯ ಕನ್ನಡ

ಮುಂಬಯಿಯಲ್ಲಿ ಸಣ್ಣ ಊರಿನ ಶಾಲೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಫೋರ್ಟಿನ ಕಡೆ ಕೈ ತೋರಿಸುತ್ತೇನೆ. ಕೇಳಿದವರು ನನ್ನ ಮುಖವನ್ನೊಮ್ಮೆ ನೋಡಿ ಸುಮ್ಮನಾಗುತ್ತಾರೆ. ಫೋರ್ಟ್ ಎಂದರೆ ರಿಸರ್ವ್ ಬ್ಯಾಂಕು, ಹೈಕೋರ್ಟು, ಶೇರುಪೇಟೆ. ಅಲ್ಲಿ ಊರೂ ಇಲ್ಲ, ಊರಿನವರೂ ಇಲ್ಲ ಎಂಬುದು ಅವರ ಲೆಕ್ಕ. ಹಗಲಿಗೆ ಅದು ನಿಜವೇ. ಆದರೆ ಸಂಜೆ ಆರು ದಾಟಿ, ಕೋಟು ಟೈಗಳೆಲ್ಲ ವಿಟಿ ಮತ್ತು ಚರ್ಚ್‌ಗೇಟಿನ ರೈಲುಗಳಲ್ಲಿ ಕರಗಿಹೋದ ಮೇಲೆ, ಅದೇ ಫೋರ್ಟಿನ ಯಾವುದೋ ಶಾಲೆಯ ಎರಡನೆಯ ಮಾಳಿಗೆಯಲ್ಲಿ ಟ್ಯೂಬ್‌ಲೈಟು ಹತ್ತುತ್ತಿತ್ತು. ಕಾಪು, ಮೂಲ್ಕಿ, ಹೆಬ್ರಿ, ಬೈಂದೂರು, ಎಲ್ಲವೂ ಒಂದೊಂದಾಗಿ ಮೆಟ್ಟಿಲು ಹತ್ತಿ ಬಂದು ಬೆಂಚಿನ ಮೇಲೆ ಕೂರುತ್ತಿದ್ದವು. ಶಾಲೆಗೆ ಹೋಗಲು ಊರಿನಲ್ಲಿ ಗತಿಯಿಲ್ಲದೆ ಮುಂಬಯಿಗೆ ಬಂದ ಹುಡುಗರ ಬೆನ್ನು ಹಿಡಿದು ಶಾಲೆಯೂ ಮುಂಬಯಿಗೆ ಬಂದಿತ್ತು.

ಅದಕ್ಕೆ ರಾತ್ರಿ ಶಾಲೆ ಎಂದು ಹೆಸರು. ಹೆಸರಿನಲ್ಲಿ ಸ್ವಲ್ಪ ಮೋಸವಿದೆ, ಏಕೆಂದರೆ ಅದು ಶುರುವಾಗುತ್ತಿದ್ದದ್ದು ಸಂಜೆ ಆರೂವರೆಗೆ. ಮುಗಿಯುವಾಗ ಮಾತ್ರ ನಿಜಕ್ಕೂ ರಾತ್ರಿಯಾಗುತ್ತಿತ್ತು.

ಯಾಕೆ ಫೋರ್ಟೇ ಎಂದು ನಾನು ಬಹಳ ದಿನ ಯೋಚಿಸಿದ್ದುಂಟು. ಹುಡುಗರು ಇದ್ದದ್ದು ಅಲ್ಲಿ, ಅಷ್ಟೇ. ಕಚೇರಿಗಳ ಕ್ಯಾಂಟೀನುಗಳನ್ನು ನಡೆಸುತ್ತಿದ್ದವರಲ್ಲಿ ನಮ್ಮ ಕರಾವಳಿಯವರು ಬಹಳ ಮಂದಿ. ಕಚೇರಿ ಮುಚ್ಚಿದರೆ ಕ್ಯಾಂಟೀನೂ ಮುಚ್ಚಿತು. ಕಪ್ಪು ಬಸಿ ತೊಳೆಯುವ ಹುಡುಗ ಆರು ಗಂಟೆಗೆ ಕೈ ಒರೆಸಿಕೊಂಡು ಖಾಲಿ. ರಾತ್ರಿ ಹನ್ನೊಂದರವರೆಗೂ ತೆರೆದಿರುವ ಮಾಟುಂಗಾದ ಹೋಟೆಲಿನ ಹುಡುಗನಿಗೆ ಈ ಭಾಗ್ಯವಿರಲಿಲ್ಲ. ಆರು ಗಂಟೆಗೆ ಖಾಲಿಯಾಗುವ ಇನ್ನೊಂದು ವಸ್ತು ಹಗಲು ಶಾಲೆಯ ಕಟ್ಟಡ. ಖಾಲಿ ಹುಡುಗ, ಖಾಲಿ ಕೋಣೆ ಇವೆರಡನ್ನೂ ಕೂಡಿಸಿದವರು ನಮ್ಮ ಹಿರಿಯರು. ಲೆಕ್ಕದಲ್ಲಿ ಸೊನ್ನೆಗೆ ಸೊನ್ನೆ ಕೂಡಿಸಿದರೆ ಏನೂ ಬರುವುದಿಲ್ಲ. ಇಲ್ಲಿ ಬಂತು.

ಹಿರಿಯರು ಎಂದರೆ ಸಂಘಗಳು. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಬಂದರಿನಲ್ಲಿ, ಹಡಗಿನಲ್ಲಿ ದುಡಿಯುವ ಜನ ಕೂಡಿ ಕಟ್ಟಿದ ಆ ಮಂಡಳಿ ರಾತ್ರಿ ಶಾಲೆ ತೆರೆಯಿತು. ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣ ರಾತ್ರಿ ಶಾಲೆ ನಡೆಸಿತು. ಫೋರ್ಟಿನ ಕನ್ನಡ ಭವನದವರದ್ದು ಇನ್ನೊಂದು. ಜಾತಿಗೊಂದು ಸಂಘ, ಸಂಘಕ್ಕೊಂದು ಶಾಲೆ ಎಂದು ಹೊರಗಿನವರು ನಗುವುದುಂಟು. ನಗಲಿ. ಶಾಲೆಯ ಒಳಗೆ ಮಾತ್ರ ಎಲ್ಲ ಜಾತಿಯವರೂ ಒತ್ತಿಕೊಂಡೇ ಕೂತಿದ್ದರು. ಯಾವ ಹುಡುಗ ಯಾವ ಶಾಲೆಗೆ ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ಕುಲವಲ್ಲ, ಕ್ಯಾಂಟೀನಿನಿಂದ ಎಷ್ಟು ನಡೆಯಬೇಕು ಎಂಬ ಪ್ರಶ್ನೆ.

ಇಲ್ಲೊಂದು ಭೂಗೋಳದ ತಮಾಷೆ ಹೇಳದೆ ಮುಂದೆ ಹೋಗಲಾರೆ. 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲವೂ ಮುಂಬಯಿ ಸರಕಾರದ ಕೆಳಗಿದ್ದವು. ದಕ್ಷಿಣ ಕನ್ನಡ ಇದ್ದದ್ದು ಮದರಾಸಿನ ಕೆಳಗೆ. ಅಂದರೆ ಹಕ್ಕಿನಿಂದ ಮುಂಬಯಿಗೆ ಬರಬೇಕಾದವರು ಉತ್ತರದವರು. ಹಡಗು ಹತ್ತಿ ಬಂದು ಬೀಡುಬಿಟ್ಟವರು ದಕ್ಷಿಣದವರು. 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಕೂಡ ಮೊದಲು ಕಣ್ಣುಬಿಟ್ಟದ್ದು ಮುಂಬಯಿಯಲ್ಲೇ. ಮರುವರ್ಷ ಅದು ಗಂಟುಮೂಟೆ ಕಟ್ಟಿ ಧಾರವಾಡಕ್ಕೆ ಹೋಯಿತು. ವಿಶ್ವವಿದ್ಯಾಲಯ ಊರಿಗೆ ಮರಳಿತು, ರಾತ್ರಿ ಶಾಲೆ ಇಲ್ಲೇ ಉಳಿಯಿತು. ಅದಕ್ಕೆ ಮರಳಲು ಊರಿರಲಿಲ್ಲ. ಊರೇ ಅದರ ಬೆಂಚಿನ ಮೇಲಿತ್ತು.

ಬೆಂಚು ಎಂದೆ. ಅದರ ಬಗ್ಗೆ ಎರಡು ಮಾತು ಹೇಳಬೇಕು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬ್ಯಾಂಕಿನ ಕೆಲಸ ಮುಗಿಸಿ ಇಂಥ ಒಂದು ಶಾಲೆಗೆ ಲೆಕ್ಕ ಹೇಳಿಕೊಡಲು ಹೋಗುತ್ತಿದ್ದೆ. ಹಗಲಿನಲ್ಲಿ ಆ ಕೋಣೆ ಮೂರನೆಯ ತರಗತಿಯ ಮಕ್ಕಳದ್ದು. ಬೆಂಚಿನ ಎತ್ತರವೂ ಮೂರನೆಯ ತರಗತಿಯದ್ದೇ. ರಾತ್ರಿ ಅದರ ಮೇಲೆ ಮೀಸೆ ಬಂದವರು ಕೂರಬೇಕು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಎಂಟನೆಯ ತರಗತಿಯಲ್ಲಿ ಹದಿನಾಲ್ಕರ ಹುಡುಗನ ಪಕ್ಕ ಮೂವತ್ತರ ಗೃಹಸ್ಥ. ಒಬ್ಬನಿಗೆ ಊರಿನಲ್ಲಿ ಮದುವೆಯಾಗಿ ಮಗಳಿದ್ದಳು. ಅವಳೂ ಎರಡನೆಯ ತರಗತಿಯಲ್ಲಿ ಗುಣಾಕಾರ ಕಲಿಯುತ್ತಿದ್ದಳು. ಮಗಳಿಗಿಂತ ಹಿಂದೆ ಬೀಳಬಾರದೆಂಬ ಒಂದೇ ಹಟದಿಂದ ಅವನು ಮಗ್ಗಿ ಬಾಯಿಪಾಠ ಮಾಡುತ್ತಿದ್ದ. ಅವನಿಗಿಂತ ನಾನು ಚಿಕ್ಕವ. ಅವನು ನನ್ನನ್ನು ‘ಸರ್’ ಎನ್ನುತ್ತಿದ್ದ, ನಾನು ಅವನನ್ನು ‘ನೀವು’ ಎನ್ನುತ್ತಿದ್ದೆ. ಉತ್ತರ ತಪ್ಪಿದಾಗ ಇಬ್ಬರೂ ನಾಚಿಕೊಳ್ಳುತ್ತಿದ್ದೆವು.

ಗೋಡೆಯ ಮೇಲೆ ಹಗಲಿನ ಮಕ್ಕಳು ಅಂಟಿಸಿದ ಆನೆ, ಒಂಟೆ, ಸೇಬುಹಣ್ಣು. ಅದರ ಕೆಳಗೆ ಬೀಜಗಣಿತ.

ಲೆಕ್ಕದಲ್ಲಿ ಆ ಹುಡುಗರನ್ನು ಮೀರಿಸುವವರಿರಲಿಲ್ಲ, ಒಂದು ಮಿತಿಯವರೆಗೆ. ಎರಡು ಇಡ್ಲಿವಡೆ, ಒಂದು ಮಸಾಲೆ, ಮೂರು ಚಾ, ಒಂದು ಕಾಫಿ ಎಂದು ನಾನು ಹೇಳಿ ಮುಗಿಸುವುದರೊಳಗೆ ಹಿಂದಿನ ಬೆಂಚಿನಿಂದ ಮೊತ್ತ ಬರುತ್ತಿತ್ತು. ಜೊತೆಗೆ ನಾನು ಕೊಡದ ನೋಟಿನ ಚಿಲ್ಲರೆಯೂ ಬರುತ್ತಿತ್ತು. ಆದರೆ ಎಕ್ಸ್ ಎಂಬ ಅಕ್ಷರ ಹಲಗೆಯ ಮೇಲೆ ಕಂಡ ಕೂಡಲೇ ತರಗತಿ ತಣ್ಣಗಾಗುತ್ತಿತ್ತು. “ಸರ್, ಈ ಎಕ್ಸ್ ಅಂದ್ರೆ ಎಷ್ಟು ರೂಪಾಯಿ?” ಎಂದು ಒಬ್ಬ ಕೇಳಿದ. ಎಷ್ಟು ಎಂದು ಗೊತ್ತಿಲ್ಲ, ಅದನ್ನೇ ಕಂಡುಹಿಡಿಯಬೇಕು ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿದ. “ರೇಟು ಗೊತ್ತಿಲ್ಲದ್ದನ್ನು ಗಿರಾಕಿಗೆ ಯಾಕೆ ಕೊಟ್ಟದ್ದು ಸರ್?” ಎಂದ. ಅವನ ಪ್ರಶ್ನೆಗೆ ನನ್ನಲ್ಲಿ ಇವತ್ತಿಗೂ ಉತ್ತರವಿಲ್ಲ. ಅವನಿಗೆ ಈಗ ಕಲ್ಯಾಣದ ಕಡೆ ಎರಡು ಹೋಟೆಲುಗಳಿವೆ. ಎರಡರಲ್ಲಿಯೂ ರೇಟಿನ ಬೋರ್ಡು ದೊಡ್ಡದಾಗಿದೆ.

ನಿದ್ದೆಯ ವಿಷಯ ಬೇರೆಯೇ. ಬೆಳಗಿನ ನಾಲ್ಕೂವರೆಗೆ ಎದ್ದು ಒಲೆ ಹಚ್ಚಿದವನಿಗೆ ಸಂಜೆ ಏಳೂವರೆಗೆ ಇತಿಹಾಸ ಹೇಳಿದರೆ ಅವನು ಪಾಣಿಪತ್ತಿನವರೆಗೆ ಎಚ್ಚರ ಇರುವುದೇ ದೊಡ್ಡದು. ನಮ್ಮಲ್ಲಿ ಒಬ್ಬ ಹಿರಿಯ ಮಾಸ್ತರರಿದ್ದರು, ಹಗಲು ಯಾವುದೋ ಕಂಪನಿಯಲ್ಲಿ ಗುಮಾಸ್ತೆ. ಯಾರಾದರೂ ತೂಕಡಿಸಿದರೆ ಅವರು ಎಬ್ಬಿಸುತ್ತಿರಲಿಲ್ಲ. ದನಿಯನ್ನು ಸ್ವಲ್ಪ ತಗ್ಗಿಸುತ್ತಿದ್ದರು. “ಅವ ಮಲಗಲಿ, ಪಾಠ ಕಿವಿಗೆ ಬಿದ್ದರೂ ಸಾಕು” ಎಂಬುದು ಅವರ ಶಿಕ್ಷಣಶಾಸ್ತ್ರ. ಬಿ.ಎಡ್. ಪುಸ್ತಕದಲ್ಲಿ ಇದಿಲ್ಲ. ಅವರಿಗೆ ಇನ್ನೊಂದು ಕಲೆ ಗೊತ್ತಿತ್ತು: ಹುಡುಗ ಮೂರು ದಿನ ಬರದಿದ್ದರೆ ಸೀದಾ ಹೋಟೆಲಿಗೆ ಹೋಗಿ ಕೂತು ಚಾ ಹೇಳುವುದು. ಗಲ್ಲೆಯ ಮೇಲಿದ್ದ ಸೇಠರು ಓಡಿ ಬರುತ್ತಿದ್ದರು. ಮಾಸ್ತರರು ಹುಡುಗನ ಸುದ್ದಿಯನ್ನೇ ಎತ್ತದೆ ಊರಿನ ಮಳೆ, ಕಟೀಲಿನ ಮೇಳ, ಭತ್ತದ ರೇಟು ಎಲ್ಲ ಮಾತಾಡಿ, ಚಾದ ದುಡ್ಡು ಕೊಡಲು ಹೋಗಿ, ಸೇಠರು ಬೇಡ ಎಂದ ಮೇಲೆ ಎದ್ದು ಬರುತ್ತಿದ್ದರು. ಮರುದಿನ ಹುಡುಗ ಹಾಜರು. ಸೇಠರೂ ಒಂದು ಕಾಲಕ್ಕೆ ಅದೇ ಬೆಂಚಿನ ಮೇಲೆ ತೂಕಡಿಸಿದವರು, ಅದೇ ಮಾಸ್ತರರ ತಗ್ಗಿದ ದನಿ ಕೇಳಿದವರು ಎಂಬ ಗುಟ್ಟು ನನಗೆ ಬಹಳ ತಡವಾಗಿ ತಿಳಿಯಿತು.

ಇನ್ನು ಭಾಷೆ. ಕನ್ನಡ ಮಾಧ್ಯಮ ಎಂದು ಬೋರ್ಡಿನಲ್ಲಿ ಬರೆದಿತ್ತು. ಆದರೆ ಬೆಂಚಿನ ಮೇಲೆ ಕೇಳುತ್ತಿದ್ದದ್ದು “ಪೆನ್ಸಿಲ್ ಕೊರ್ಲ ಮಾರಾಯ” ಎಂಬ ತುಳು. ಇನ್ನೊಂದು ಮೂಲೆಯಲ್ಲಿ ಕೊಂಕಣಿ. ಮತ್ತೊಂದು ಕಡೆ ಬ್ಯಾರಿ. ಮನೆಯಲ್ಲಿ ಕನ್ನಡವನ್ನೇ ಆಡುವವರು ಎಂದರೆ ಕುಂದಾಪುರದ ಕಡೆಯವರು. ಅವರು ಬಾಯಿಬಿಟ್ಟರೆ ಪಠ್ಯಪುಸ್ತಕಕ್ಕೆ ಅರ್ಥವಾಗುತ್ತಿರಲಿಲ್ಲ. ಹೋಟೆಲಿನಲ್ಲಿ ಹಿಂದಿ, ರಸ್ತೆಯಲ್ಲಿ ಮರಾಠಿ, ಖೋಲಿಯಲ್ಲಿ ತುಳು. ಕನ್ನಡಕ್ಕೆಂದು ದಿನದಲ್ಲಿ ಉಳಿದದ್ದು ಈ ಮೂರು ಗಂಟೆ. ಹಾಗಾಗಿ ನಮ್ಮ ಹುಡುಗರ ಕನ್ನಡ ಇಸ್ತ್ರಿ ಹಾಕಿದ ಅಂಗಿಯಷ್ಟು ಮಡಿಯಾಗಿತ್ತು. ನೀರು ಬೇಕಾದರೆ “ಸರ್, ನಾನು ನೀರನ್ನು ಕುಡಿದು ಬರಲೇ?” ಎನ್ನುತ್ತಿದ್ದರು. ಬೆಂಗಳೂರಿನಿಂದ ಬಂದಿದ್ದ ನನ್ನ ನೆಂಟರೊಬ್ಬರು ಅದನ್ನು ಕೇಳಿ ಬೆಚ್ಚಿದ್ದರು. ಅವರ ಊರಿನಲ್ಲಿ ಅಷ್ಟು ಪೂರ್ತಿ ವಾಕ್ಯವನ್ನು ರೇಡಿಯೋ ಒಂದೇ ಆಡುತ್ತಿತ್ತಂತೆ.

ಮೆಟ್ರಿಕ್ಕಿನ ದೊಡ್ಡ ಆಘಾತ 1975ರಲ್ಲಿ ಬಂದು ಹೋಗಿತ್ತು. ಅಲ್ಲಿಯವರೆಗೆ ಮಹಾರಾಷ್ಟ್ರದಲ್ಲಿ ಹನ್ನೊಂದನೆಯದಕ್ಕೆ ಎಸ್‌ಎಸ್‌ಸಿ. ಆ ವರ್ಷದಿಂದ ಹತ್ತಕ್ಕೇ. ಒಂದು ವರ್ಷ ಉಳಿಯಿತೆಂದು ಹುಡುಗರು ಕುಣಿದರಂತೆ. ಗಣಿತ, ವಿಜ್ಞಾನದ ಹೊಸ ಪುಸ್ತಕ ತೆರೆದ ಮೇಲೆ ಕುಣಿತ ನಿಂತಿತಂತೆ. ಪಾಸಾದವನ ಬದುಕು ಮಾತ್ರ ನಿಜವಾಗಿ ಬದಲಾಗುತ್ತಿತ್ತು. ಎಸ್‌ಎಸ್‌ಸಿ ಎಂದರೆ ಬ್ಯಾಂಕಿನ ಪ್ಯೂನು, ಬಂದರಿನ ಗುಮಾಸ್ತೆ, ರೈಲ್ವೆ. ಇಲ್ಲವೇ ರಾತ್ರಿ ಕಾಲೇಜು, ಅಲ್ಲಿಂದ ವಕೀಲಿ. ಸಂಘಗಳು ಶಾಲೆಯ ಹಿಂದೆಯೇ ಬ್ಯಾಂಕುಗಳನ್ನೂ ಕಟ್ಟಿದವು: ಮೊಗವೀರ ಬ್ಯಾಂಕು 1946ರಲ್ಲಿ, ಬಿಲ್ಲವರ ಭಾರತ್ ಬ್ಯಾಂಕು 1978ರಲ್ಲಿ. ಮೊದಲು ಲೆಕ್ಕ ಕಲಿಸಿ ಆಮೇಲೆ ಲೆಕ್ಕ ಇಡಲು ಕೆಲಸ ಕೊಡುವುದು. ಇದಕ್ಕಿಂತ ಒಳ್ಳೆಯ ಶಿಕ್ಷಣ ನೀತಿಯನ್ನು ದಿಲ್ಲಿಯವರು ಇನ್ನೂ ಬರೆದಿಲ್ಲ.

ನಂತರದ ಕತೆಯಲ್ಲಿ ಖಳನಾಯಕರಿಲ್ಲ. ಅದೇ ಅದರ ಕಷ್ಟ.

1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಗಿರಣಿ ಮುಷ್ಕರ ಶುರುವಾಯಿತು. ಎಷ್ಟೋ ಗಿರಣಿಗಳ ಗೇಟು ಮತ್ತೆ ತೆರೆಯಲಿಲ್ಲ. ಅವುಗಳನ್ನು ನಂಬಿದ್ದ ಖಾನಾವಳಿ, ಕ್ಯಾಂಟೀನುಗಳೂ ಮುಚ್ಚಿದವು. ಆಮೇಲೆ ಕಚೇರಿಗಳು ಬಾಂದ್ರಾ-ಕುರ್ಲಾದ ಗಾಜಿನ ಕಟ್ಟಡಗಳಿಗೆ ಹೋದವು. ಜನ ಡೊಂಬಿವಲಿ, ಮೀರಾರೋಡು, ವಸಾಯಿ ಎಂದು ಹೊರಹೊರಗೆ ಸರಿದರು. ಹೋಟೆಲುಗಳೂ ಜನರ ಹಿಂದೆ ಹೋದವು. ಫೋರ್ಟಿನ ಶಾಲೆ ಮಾತ್ರ ಫೋರ್ಟಿನಲ್ಲೇ ಉಳಿಯಿತು. 1998ರಲ್ಲಿ ಕೊಂಕಣ ರೈಲು ಬಂತು. ಮುಂಬಯಿ ಹತ್ತಿರವಾಯಿತೆಂದು ಎಲ್ಲರೂ ಹಿಗ್ಗಿದರು. ನಿಜವಾಗಿ ಹತ್ತಿರವಾದದ್ದು ಊರು. ರಾತ್ರಿ ಮಲಗಿ ಬೆಳಗಾಗುವುದರೊಳಗೆ ಊರು ಸಿಗುವಾಗ ಇಲ್ಲಿ ಊರನ್ನು ಕಟ್ಟಿಕೊಳ್ಳುವ ಹಂಬಲ ಎಲ್ಲಿಂದ ಬರಬೇಕು? ಅಷ್ಟರಲ್ಲಿ ಕರಾವಳಿಯ ಹಳ್ಳಿಹಳ್ಳಿಯಲ್ಲಿ ಹೈಸ್ಕೂಲು ಆಗಿತ್ತು. ಹುಡುಗ ಅಲ್ಲೇ ಎಸ್‌ಎಸ್‌ಎಲ್‌ಸಿ, ಪಿಯುಸಿ ಮುಗಿಸಿ ಬೆಂಗಳೂರಿಗೋ ದುಬೈಗೋ ಹೋಗುತ್ತಿದ್ದ. 2006ರ ಅಕ್ಟೋಬರಿನಲ್ಲಿ ಹದಿನಾಲ್ಕರ ಒಳಗಿನ ಮಕ್ಕಳನ್ನು ಹೋಟೆಲಿನಲ್ಲಿ ಕೆಲಸಕ್ಕೆ ಇಡಬಾರದೆಂಬ ಕಾನೂನು ಬಂತು. ಬರಬೇಕಾದದ್ದೇ, ತಡವಾಗಿ ಬಂತು. ಆ ವಯಸ್ಸಿನಲ್ಲಿ ಕಪ್ಪು ತೊಳೆದು ಮುಂದೆ ಬಂದವರು ತಮ್ಮ ಕತೆಯನ್ನು ಹೆಮ್ಮೆಯಿಂದ ಹೇಳುತ್ತಾರೆ. ಮುಂದೆ ಬಾರದವರ ಕತೆ ಹೇಳಲು ವೇದಿಕೆಯ ಮೇಲೆ ಯಾರೂ ಇರುವುದಿಲ್ಲ. ಈಗ ಉಡುಪಿ ಹೋಟೆಲಿನಲ್ಲಿ ನಿಮ್ಮ ಮಸಾಲೆದೋಸೆ ಮಗುಚುವವನು ಜಾರ್ಖಂಡದವನೋ ಒಡಿಶಾದವನೋ ಆಗಿರಬಹುದು. ಅವನಿಗೂ ರಾತ್ರಿ ಶಾಲೆ ಬೇಕು. ಆದರೆ ಅವನ ಭಾಷೆಯ ಪುಸ್ತಕ ನಮ್ಮ ಕಪಾಟಿನಲ್ಲಿಲ್ಲ.

2017ರ ಮೇ ತಿಂಗಳಲ್ಲಿ ಸರಕಾರದ ಆದೇಶವೊಂದು ಬಂತು: ಹಗಲು ಶಾಲೆಯಲ್ಲಿ ನೌಕರಿ ಇರುವ ಮಾಸ್ತರರು ರಾತ್ರಿ ಶಾಲೆಯಲ್ಲಿ ಇರಕೂಡದು. ಒಬ್ಬರಿಗೆ ಎರಡು ಸಂಬಳ ಯಾಕೆಂಬ ವಾದದಲ್ಲಿ ತಪ್ಪಿಲ್ಲ. ಆದರೆ ಇಡೀ ನಗರದ ರಾತ್ರಿ ಶಾಲೆಗಳು ನಡೆದದ್ದೇ ಹಗಲು ದಣಿದವರಿಂದ. ದಣಿದವನಿಗೆ ಪಾಠ ಹೇಳಲು ದಣಿದವನೇ ಸರಿ ಎಂದು ನಾನೇನೂ ವಾದಿಸುವುದಿಲ್ಲ. ದನಿ ತಗ್ಗಿಸುವ ಕಲೆ ಮಾತ್ರ ಅವರಿಗೇ ಗೊತ್ತಿತ್ತು. 2008ರಿಂದ ಮಾಸೂಮ್ ಎಂಬ ಸಂಸ್ಥೆ ಮುಂಬಯಿಯ ರಾತ್ರಿ ಶಾಲೆಗಳಿಗೆ ಪುಸ್ತಕ, ಪ್ರಯೋಗ ಪೆಟ್ಟಿಗೆ, ಸಂಜೆಯ ತಿಂಡಿ ಎಂದು ಒದಗಿಸುತ್ತ ಬಂದಿದೆ. ತಿಂಡಿಯ ಮಾತು ಕೇಳಿದಾಗ ನನಗೆ ನಗು ಬಂತು. ನಮ್ಮ ಕಾಲದಲ್ಲಿ ಇಡೀ ತರಗತಿ ತಿಂಡಿಯ ನಡುವಿನಿಂದಲೇ ಎದ್ದು ಬರುತ್ತಿತ್ತು. ಹಸಿದಿರುತ್ತಿದ್ದದ್ದು ಮಾಸ್ತರ ಒಬ್ಬನೇ.

ಹಗಲು ಶಾಲೆಗಳ ಕತೆ ಬೇರೆ. ಅವು ಬಡವಾಗಲಿಲ್ಲ, ದೊಡ್ಡವಾದವು. ಚೆಂಬೂರು ಕರ್ನಾಟಕ ಸಂಘದ ಕನ್ನಡ ಶಾಲೆಯ ಬೇರಿನಿಂದ ಇವತ್ತು ಕಾನೂನು ಕಾಲೇಜೇ ಎದ್ದಿದೆ; ಅಲ್ಲಿ ಓದುವ ಹುಡುಗಿಗೆ ‘ಕರ್ನಾಟಕ’ ಎಂಬುದು ಕಾಲೇಜಿನ ಹೆಸರು, ಅಷ್ಟೇ. ವಡಾಲದಲ್ಲಿ ಎನ್‌ಕೆಇಎಸ್ ಇದೆ. ಆ ನಾಲ್ಕಕ್ಷರದಲ್ಲಿ ಎರಡನೆಯದು ಕನ್ನಡದ್ದು. ಬಂಟರ ಸಂಘದವರು ಪವಾಯಿಯಲ್ಲಿ ಎಸ್.ಎಂ. ಶೆಟ್ಟಿ ಶಾಲೆ ಕಟ್ಟಿದರು, ಕುರ್ಲಾದಲ್ಲಿ ಕಾಲೇಜು ಕಟ್ಟಿದರು. ಪವಾಯಿಯದ್ದು ಇಂಟರ್‌ನ್ಯಾಷನಲ್. ಕಪ್ಪು ತೊಳೆದ ಹುಡುಗ ರಾತ್ರಿ ಕಲಿತು ಸೇಠನಾಗಿ, ಮಗನನ್ನು ಕನ್ನಡ ಶಾಲೆಗೆ ಕಳಿಸಲಿಲ್ಲ ಎಂದು ಗೊಣಗುವವರುಂಟು. ಗೊಣಗುವವರ ಮಕ್ಕಳು ಎಲ್ಲಿ ಓದಿದರು ಎಂದು ನಾನು ಕೇಳುವುದಿಲ್ಲ, ಸಭ್ಯತೆ ಎಂಬುದೊಂದಿದೆ. ಆ ಸೇಠ ಶಾಲೆಯನ್ನು ಮರೆತನೇ? ಇಲ್ಲ. ಪ್ರತಿ ವರ್ಷ ಸ್ಮರಣ ಸಂಚಿಕೆಗೆ ಪೂರ್ಣಪುಟದ ಜಾಹೀರಾತು ಕೊಡುತ್ತಾನೆ. ತಾನು ಕಲಿತ ಶಾಲೆಗೆ ದುಡ್ಡು, ಕಲಿಯದ ಶಾಲೆಗೆ ಮಗ.

ಹಾಗಾದರೆ ಈಗ ಮುಂಬಯಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವವರು ಯಾರು? ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ; ಕನ್ನಡ ಅವುಗಳಲ್ಲಿ ಒಂದು. ಅಲ್ಲಿ ಹೋಗಿ ನೋಡಿದರೆ ಭೂಗೋಳದ ತಮಾಷೆ ತಿರುಗಿ ಕೂತಿರುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಬಂದವರ ಮಕ್ಕಳು. ಉತ್ತರದವರು ಈಗ ಬಂದಿದ್ದಾರೆ, ಸಿಮೆಂಟಿನ ತಟ್ಟೆ ಹೊತ್ತುಕೊಂಡು. ಮಕ್ಕಳಲ್ಲಿ ಅನೇಕರದ್ದು ಮನೆಯಲ್ಲಿ ಲಂಬಾಣಿ, ಕೆಲವರದ್ದು ತೆಲುಗು. ಕನ್ನಡ ಶಾಲೆಯಲ್ಲಿ ಕನ್ನಡ ಮನೆಮಾತಲ್ಲದವರೇ ತುಂಬಿರುವ ಸಂಪ್ರದಾಯ ಹೀಗೆ ಚಾಚೂ ತಪ್ಪದೆ ಮುಂದುವರಿದಿದೆ.

ನನ್ನ ಪರಿಚಯದ ಟೀಚರೊಬ್ಬರು ಕಾರ್ಕಳದ ಕಡೆಯವರು. ಅವರ ಕೈಯಲ್ಲಿರುವುದು ಪುಣೆಯ ಬಾಲಭಾರತಿಯ ಕನ್ನಡ ಪುಸ್ತಕ. 1967ರಲ್ಲಿ ಹುಟ್ಟಿದ ಬಾಲಭಾರತಿ ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳಿಗೂ ಇದೇ ಪುಸ್ತಕ ಕೊಡುತ್ತದೆ. ಪುಸ್ತಕದ ಹೊಲ, ಬಾವಿ, ಜಾತ್ರೆಗಳಿಗೆ ಬಯಲುಸೀಮೆಯ ಬಿಸಿಲು ಬಡಿದಿರುತ್ತದೆ. ಟೀಚರಿಗೆ ರೊಟ್ಟಿ ಎಂದರೆ ಅಕ್ಕಿಯದ್ದು, ಮಕ್ಕಳಿಗೆ ಜೋಳದ್ದು. ಟೀಚರು “ಉಂಟು” ಎಂದರೆ ಮಕ್ಕಳು “ಐತ್ರೀ” ಎನ್ನುತ್ತಾರೆ. “ಮೊದಲು ನಾನು ಅವರನ್ನು ತಿದ್ದುತ್ತಿದ್ದೆ, ಈಗ ಮನೆಯಲ್ಲಿ ನನ್ನ ಗಂಡ ನನ್ನನ್ನು ತಿದ್ದುತ್ತಾರೆ” ಎಂದು ನಗುತ್ತಾರೆ ಅವರು. 2020ರ ಕಾನೂನಿನಿಂದ ರಾಜ್ಯದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಮಕ್ಕಳಿಗೆ ಅದು ಕಷ್ಟವೇ ಎಂದು ಕೇಳಿದೆ. ಮರಾಠಿ ಅವರಿಗೆ ಆಟದ ಬಯಲಿನಲ್ಲೇ ಬರುತ್ತದಂತೆ. ಟೀಚರ ಮರಾಠಿಯನ್ನು ತಿದ್ದುವವರೂ ಅವರೇ ಅಂತೆ. ಕೆಲಸ ಮುಗಿದ ಕೂಡಲೇ ಮೇಸ್ತ್ರಿ ಇನ್ನೊಂದು ಸೈಟಿಗೆ ಕಳಿಸುತ್ತಾನೆ, ಮಗು ಹೋಗಿಬಿಡುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಬೆಂಚು ಖಾಲಿ. ಹುಡುಕಿಕೊಂಡು ಹೋಗಿ ಕೂತು ಚಾ ಹೇಳೋಣವೆಂದರೆ ಅಲ್ಲಿ ಹೋಟೆಲೂ ಇಲ್ಲ, ಗಲ್ಲೆಯ ಮೇಲೆ ಹಳೆ ವಿದ್ಯಾರ್ಥಿಯೂ ಇಲ್ಲ.

ನಾನು ಪಾಠ ಹೇಳುತ್ತಿದ್ದ ಶಾಲೆಯ ಹಳೆ ವಿದ್ಯಾರ್ಥಿಗಳು ಈಗಲೂ ಒಮ್ಮೊಮ್ಮೆ ಸೇರುತ್ತಾರೆ, ಉಪನಗರದ ಒಂದು ಎ.ಸಿ. ಸಭಾಗೃಹದಲ್ಲಿ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಗುತ್ತದೆ. ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂರುತ್ತಿದ್ದವರಿಗೆ ಈಗ ಮೊಣಕಾಲಿನ ಆಪರೇಶನ್ ಆಗಿದೆ. ಕಳೆದ ಸಲ ಚರ್ಚೆಗೆ ಬಂದದ್ದು ಮೊಮ್ಮಕ್ಕಳಿಗೆ ಕನ್ನಡ ಕಲಿಸುವ ವಿಷಯ. ಚಿಣ್ಣರ ಬಿಂಬದವರು ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಭಜನೆ, ನಾಟಕಗಳ ಮೂಲಕ ಕನ್ನಡ ಕಲಿಸುತ್ತಿದ್ದಾರೆ, ಅಲ್ಲಿಗೇ ಕಳಿಸಿ ಎಂದರು ಒಬ್ಬರು. ಇಲ್ಲ, ನಮ್ಮ ಶಾಲೆಯ ಹೆಸರಿನಲ್ಲೇ ಒಂದು ತರಗತಿ ಶುರುವಾಗಬೇಕು ಎಂದರು ನನ್ನ ಎಕ್ಸ್ ಶಿಷ್ಯ. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾವಾಗ ಇಡೋಣ ಎಂಬಲ್ಲಿ ಗಾಡಿ ನಿಂತಿತು. ಬೆಳಗ್ಗೆ ಶಾಲೆ. ಮಧ್ಯಾಹ್ನ ಕೋಚಿಂಗ್. ಸಂಜೆ ಈಜು, ಕರಾಟೆ, ಕೀಬೋರ್ಡು. ಶನಿವಾರ ಟೆಸ್ಟು. ಭಾನುವಾರ ಒಲಿಂಪಿಯಾಡಿನ ತಯಾರಿ. ಒಬ್ಬ ಅಜ್ಜಿ ಮೊಬೈಲು ತೆಗೆದು ಮೊಮ್ಮಗನ ಟೈಮ್‌ಟೇಬಲನ್ನೇ ಓದಿದರು. ನಮ್ಮ ಕ್ಯಾಂಟೀನಿನ ಪಾಳಿಯೇ ಇದಕ್ಕಿಂತ ಹಗುರವಾಗಿತ್ತು ಮಾರಾಯ್ರೆ ಎಂದು ಹಿಂದಿನಿಂದ ಯಾರೋ ಅಂದರು.

ಕೊನೆಗೆ ಎಲ್ಲ ಮಕ್ಕಳೂ ಖಾಲಿ ಇರುವ ಹೊತ್ತು ಒಂದೇ ಸಿಕ್ಕಿತು: ರಾತ್ರಿ ಎಂಟೂವರೆ. ಮಾಸ್ತರರು ಯಾರು ಎಂದು ಕೇಳಿದಾಗ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಒಪ್ಪಿದ್ದೇನೆ, ಒಂದು ಷರತ್ತಿನ ಮೇಲೆ: ಮಕ್ಕಳು ತೂಕಡಿಸಿದರೆ ಅಜ್ಜ ಅಜ್ಜಿಯರು ಎಬ್ಬಿಸಕೂಡದು.